ಮನೆ ಕಟ್ಟುವ ಕೆಲಸಕ್ಕೆ ಯಾವ ಯೋಜನಾ ಸಾಧನ? ಶೀಟ್ಸ್, ಟ್ರೆಲ್ಲೊ, ಪ್ರಾಜೆಕ್ಟ್‌ಲಿಬ್ರೆಗಳನ್ನು ಬಳಸಿ ನೋಡಿದ ಅನುಭವ

ಮೂವತ್ತು-ನಲವತ್ತರ ನಿವೇಶನಗಳಲ್ಲಿ ಮನೆ ಕಟ್ಟಿಸಿಕೊಡುವುದು ನನ್ನ ವೃತ್ತಿ. ಒಂದೇ ಕಾಲಕ್ಕೆ ಮೂರು ನಾಲ್ಕು ಮನೆಗಳು ಬೇರೆ ಬೇರೆ ಹಂತಗಳಲ್ಲಿ ನಡೆಯುತ್ತಿರುತ್ತವೆ. ಒಂದರಲ್ಲಿ ಪಾಯ ತೋಡುತ್ತಿದ್ದರೆ ಮತ್ತೊಂದರಲ್ಲಿ ಗೋಡೆಗೆ ಪುಟ್ಟಿ ಹಚ್ಚುತ್ತಿರುತ್ತಾರೆ. ಕಚೇರಿಯಲ್ಲಿ ನಾವು ನಾಲ್ಕು ಮಂದಿ. ಕೆಲಸದ ಜಾಗದಲ್ಲಿ ಇಬ್ಬರು ಮೇಸ್ತ್ರಿಗಳು, ಅವರ ಕೈಕೆಳಗೆ ಗಾರೆಯವರು, ಕಾಂಕ್ರೀಟಿಗೆ ಹಲಗೆ, ಆಧಾರದ ಕಂಬ ಕಟ್ಟುವ ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು. ಇವರಲ್ಲದೆ ಕರೆದಾಗ ಬಂದುಹೋಗುವ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಟೈಲ್ಸ್‌ನವರು, ಪೇಂಟರ್. ಇಷ್ಟು ಜನರ ಕೆಲಸವನ್ನು ಒಂದರ ಹಿಂದೆ ಒಂದು ಸರಿಯಾಗಿ ಜೋಡಿಸಲು ಕಳೆದ ಕೆಲವು ವರ್ಷಗಳಲ್ಲಿ ನಾನು ಗೂಗಲ್ ಶೀಟ್ಸ್, ಟ್ರೆಲ್ಲೊ, ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಪ್ರಾಜೆಕ್ಟ್‌ಲಿಬ್ರೆ ಮತ್ತು ಗುತ್ತಿಗೆದಾರರಿಗೆಂದೇ ಮಾಡಿದ, ಚಂದಾ ಕಟ್ಟಿ ಬಳಸುವ ಒಂದು ಆ್ಯಪ್ ಇವುಗಳನ್ನು ಬಳಸಿ ನೋಡಿದ್ದೇನೆ. ಯಾವುದು ಯಾವ ಕೆಲಸಕ್ಕೆ ಒದಗಿತು, ಯಾವುದು ಒದಗಲಿಲ್ಲ ಎಂಬುದನ್ನು ಇದೇ ಗಾತ್ರದ ಕೆಲಸ ಮಾಡುವ ಎಂಜಿನಿಯರುಗಳಿಗೂ, ತಾವೇ ಮುಂದೆ ನಿಂತು ಮನೆ ಕಟ್ಟಿಸುವವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಸಾಧನ ಹುಡುಕುವ ಅಗತ್ಯ ಬಿದ್ದದ್ದು ಒಂದು ತಾರಸಿಯಿಂದ. ಮೌಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ಹಿಂದಿನ ದಿನ ಮನೆಯ ಯಜಮಾನರು ಊಟದ ಕೋಣೆಯಲ್ಲಿ ಇನ್ನೊಂದು ಫ್ಯಾನ್ ಬೇಕೆಂದು ನಮ್ಮ ಮೊಬೈಲ್ ಗುಂಪಿನಲ್ಲಿ ಬರೆದಿದ್ದರು. ಆ ಸಂಜೆ ಜಲ್ಲಿಯ ಲಾರಿ, ಮಿಕ್ಸರ್, ವೈಬ್ರೇಟರ್, ಮರುದಿನ ಕೆಲಸದವರಿಗೆ ಹಾಕಿಸಬೇಕಾದ ಊಟ ಇವುಗಳ ಬಗ್ಗೆ ಬಂದ ನಲವತ್ತು ಐವತ್ತು ಸಂದೇಶಗಳ ನಡುವೆ ಆ ಒಂದು ಸಾಲು ಹೂತುಹೋಯಿತು. ಎಲೆಕ್ಟ್ರಿಷಿಯನ್ ಅದನ್ನು ನೋಡಲಿಲ್ಲ, ನಾನೂ ನೋಡಲಿಲ್ಲ. ಫ್ಯಾನ್ ಬಾಕ್ಸ್ ಇಡದೆ ಕಾಂಕ್ರೀಟ್ ಸುರಿದಾದ ಮೇಲೆ ಉಳಿದದ್ದು ತಾರಸಿಯ ತಳಕ್ಕೆ ತೂತು ಕೊರೆದು ಹೊರಗಿನಿಂದ ಕೇಸಿಂಗ್ ಪಟ್ಟಿ ಎಳೆಯುವ ದಾರಿಯೊಂದೇ. ಆ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಇಂದಿಗೂ ಮೊದಲು ಹೋಗುವುದು ಆ ಪಟ್ಟಿಯ ಮೇಲೆ. ಗುಂಪಿನಲ್ಲಿ ಮಾತನಾಡಿದ್ದು ತಪ್ಪಲ್ಲ. ಒಂದು ಬದಲಾವಣೆ ಯಾವ ಕೆಲಸಕ್ಕೆ ಸಂಬಂಧಿಸಿದೆಯೋ ಆ ಕೆಲಸದ ಪಕ್ಕದಲ್ಲೇ ಅದನ್ನು ಬರೆದಿಡುವ ಜಾಗವನ್ನು ನಾನು ಮಾಡಿಕೊಂಡಿರಲಿಲ್ಲ, ಅದು ತಪ್ಪು.

ಸಾಧನಗಳ ವಿಚಾರಕ್ಕೆ ಬರುವ ಮುನ್ನ ಈ ಕೆಲಸದ ಸ್ವಭಾವವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆಯ್ಕೆಯೆಲ್ಲ ಅದರ ಮೇಲೆಯೇ ನಿಂತಿದೆ. ಮನೆ ಕಟ್ಟುವಾಗ ಕೆಲಸದ ದಿನಗಳಷ್ಟೇ ಕಾಯುವ ದಿನಗಳೂ ಮುಖ್ಯ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ಹವೆಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದಾಗ, ಪಿಲ್ಲರಿನ ಪಕ್ಕದ ಹಲಗೆಗಳನ್ನು 16ರಿಂದ 24 ಗಂಟೆಗಳ ನಂತರ ಬಿಚ್ಚಬಹುದು, ಆದರೆ 4.5 ಮೀಟರ್‌ವರೆಗಿನ ಹರವಿನ ತಾರಸಿಯ ಕೆಳಗೆ ಕೊಟ್ಟ ಆಧಾರದ ಕಂಬಗಳನ್ನು 7 ದಿನ, ಅದಕ್ಕಿಂತ ಹೆಚ್ಚು ಹರವಿದ್ದರೆ 14 ದಿನ ಮುಟ್ಟುವಂತಿಲ್ಲ. ಬೀಮುಗಳಿಗೆ 6 ಮೀಟರ್‌ವರೆಗೆ 14 ದಿನ, ಅದನ್ನು ಮೀರಿದರೆ 21 ದಿನ. ನಮ್ಮ ಮನೆಗಳಲ್ಲಿ ಹಾಲ್ ಸಾಮಾನ್ಯವಾಗಿ 16 ಅಡಿ, ಅಂದರೆ ಸುಮಾರು 4.88 ಮೀಟರ್, ಮಲಗುವ ಕೋಣೆ 11 ಅಡಿ, ಅಂದರೆ 3.35 ಮೀಟರ್. ಹೀಗಾಗಿ ಒಂದೇ ದಿನ, ಒಂದೇ ಮಿಕ್ಸರಿನಿಂದ ಹಾಕಿದ ಒಂದೇ ತಾರಸಿಗೆ ಒಂದು ಕಡೆ ಒಂದು ವಾರದ, ಇನ್ನೊಂದು ಕಡೆ ಎರಡು ವಾರದ ಗಡುವು ಬರುತ್ತದೆ. ಪಿಪಿಸಿ ಎಂಬ ಮಿಶ್ರ ಸಿಮೆಂಟ್ ಬಳಸಿದರೆ ಈ ದಿನಗಳನ್ನು ಇನ್ನಷ್ಟು ಯೋಚಿಸಿ ಹೆಚ್ಚಿಸಬೇಕಾಗುತ್ತದೆ. ಕ್ಯೂರಿಂಗ್ ಕೂಡ ಹಾಗೆಯೇ: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಕಟ್ಟಬೇಕು.

ಈ ಕಾಯುವ ದಿನಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಕೆಲಸ ಮಾಡುವ ಜನರಿಗೆ ಇವೆರಡೂ ಇವೆ. ಶನಿವಾರ ಬಟವಾಡೆ ಆದ ಮೇಲೆ ಭಾನುವಾರ ಯಾರೂ ಬರುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ತಂಡಗಳು ಯುಗಾದಿಗೆ ಊರಿಗೆ ಹೋದರೆ ಒಂದು ವಾರ ಲೆಕ್ಕಕ್ಕೆ ಹಿಡಿಯಬೇಕು. ಅಮಾವಾಸ್ಯೆಯ ದಿನ ಮೌಲ್ಡ್ ಹಾಕಲು ಬಹುತೇಕ ಮನೆಯವರು ಒಪ್ಪುವುದಿಲ್ಲ. ಆಷಾಢದಲ್ಲಿ ಗುದ್ದಲಿ ಪೂಜೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಅಂದರೆ ಒಂದೇ ಕೆಲಸದೊಳಗೆ ಎರಡು ಕ್ಯಾಲೆಂಡರುಗಳು ಓಡುತ್ತಿರುತ್ತವೆ; ಕಾಂಕ್ರೀಟಿನದು ಒಂದು, ಮನುಷ್ಯರದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಹಿಡಿದಿಡಲಾಗದ ಸಾಧನ ಎಷ್ಟೇ ಚೆಂದ ಕಂಡರೂ ನಮ್ಮ ವೇಳಾಪಟ್ಟಿಯ ಕೆಲಸಕ್ಕೆ ಬರುವುದಿಲ್ಲ. ನಾನು ಪ್ರತಿಯೊಂದನ್ನೂ ಮೊದಲು ಅಳೆದದ್ದು ಈ ಅಳತೆಯಿಂದಲೇ. ಎರಡನೆಯದಾಗಿ ನೋಡಿದ್ದು, ಮಾಹಿತಿ ಕೊಡಬೇಕಾದವನಿಗೆ ಅದು ಎಷ್ಟು ಸುಲಭ ಎಂಬುದನ್ನು. ಸಂಜೆ ಆರಕ್ಕೆ ಕೈಕಾಲು ತೊಳೆದು ಬಸ್ಸು ಹಿಡಿಯಲು ಹೊರಟ ಮೇಸ್ತ್ರಿಯಿಂದ ಎರಡು ನಿಮಿಷಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ ಎಂದು ನಾನು ನಂಬಿದ್ದೇನೆ.

ಚಂದಾ ಆ್ಯಪಿನ ಕಥೆ ಬೇಗ ಮುಗಿಯುತ್ತದೆ. ಹಾಜರಿ, ಸಾಮಗ್ರಿ, ಫೋಟೊ, ಪ್ರಗತಿ ಎಲ್ಲವೂ ಒಂದೇ ಕಡೆ ಸಿಗುತ್ತದೆ ಎಂಬ ಮಾತು ಕೇಳಿ ವರ್ಷದ ಚಂದಾ ಕಟ್ಟಿದ್ದೆವು. ಮೇಸ್ತ್ರಿ ಪ್ರತಿದಿನ ಪಾಸ್‌ವರ್ಡ್ ಹಾಕಿ ಒಳಹೋಗಿ, ಇಂಗ್ಲಿಷಿನ ನಾಲ್ಕು ಪರದೆಗಳನ್ನು ದಾಟಿ, ಇಂದು ಎಷ್ಟು ಚದರ ಮೀಟರ್ ಪ್ಲಾಸ್ಟರಿಂಗ್ ಆಯಿತೆಂದು ತುಂಬಬೇಕಿತ್ತು. ಅವರು ಚದರ ಅಡಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ‘ಹಾಲಿನ ಎರಡು ಗೋಡೆ’ ಎಂಬ ಲೆಕ್ಕದಲ್ಲಿ ಯೋಚಿಸುವವರು. ಮೊದಲ ವಾರ ತುಂಬಿದರು, ಎರಡನೆಯ ವಾರ ಕಚೇರಿಯ ಹುಡುಗ ಫೋನ್ ಮಾಡಿ ಕೇಳಿ ತಾನೇ ತುಂಬಿದ, ಮೂರನೆಯ ವಾರದಿಂದ ಪರದೆ ಖಾಲಿಯಾಯಿತು. ಬಿಡಬೇಕೆಂದಾಗ ಇನ್ನೊಂದು ವಿಷಯ ತಿಳಿಯಿತು: ನಾವು ತುಂಬಿದ್ದ ಮಾಹಿತಿ ಹೊರಗೆ ಬರುತ್ತಿದ್ದದ್ದು ಪಿಡಿಎಫ್ ರೂಪದಲ್ಲಿ ಮಾತ್ರ. ಬೇರೆ ಕಡೆಗೆ ಹಾಕಿಕೊಳ್ಳಲು ಬರುವಂಥ ಸಿಎಸ್‌ವಿ ಕಡತ ಅದರಲ್ಲಿ ಇರಲಿಲ್ಲ. ಅಂದಿನಿಂದ ಯಾವ ಸಾಧನವನ್ನಾದರೂ ನೋಡುವಾಗ ಒಳಗೆ ಹಾಕುವ ಬಾಗಿಲಿನಷ್ಟೇ ಎಚ್ಚರದಿಂದ ಹೊರಗೆ ತೆಗೆಯುವ ಬಾಗಿಲನ್ನೂ ನೋಡುತ್ತೇನೆ.

ಗೂಗಲ್ ಶೀಟ್ಸ್ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಒಂದೇ ಮನೆ ಕಟ್ಟಿಸುವವರಿಗೆ, ಅದರಲ್ಲೂ ಬೇರೆ ಊರಿನಲ್ಲೋ ವಿದೇಶದಲ್ಲೋ ಇದ್ದುಕೊಂಡು ಊರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೆ, ಇದಕ್ಕಿಂತ ಹೆಚ್ಚಿನದು ಬೇಡ ಎಂಬುದು ನನ್ನ ಅಭಿಪ್ರಾಯ. ಉಚಿತವಾಗಿ ಸಿಗುತ್ತದೆ, ಫೋನಿನಲ್ಲೂ ತೆರೆಯುತ್ತದೆ, ಕನ್ನಡದಲ್ಲಿ ಬರೆಯಬಹುದು, ಒಂದೇ ಹಾಳೆಯನ್ನು ಹಲವರು ಏಕಕಾಲಕ್ಕೆ ತಿದ್ದಬಹುದು, ಯಾರೋ ಏನೋ ಅಳಿಸಿದರೆ ಆವೃತ್ತಿಗಳ ಇತಿಹಾಸದಿಂದ ಹಿಂದಿನ ರೂಪವನ್ನು ತಂದುಕೊಳ್ಳಬಹುದು. ಎರಡು ಕ್ಯಾಲೆಂಡರುಗಳ ತೊಡಕನ್ನೂ ಅದು ಬಿಡಿಸುತ್ತದೆ. ವರ್ಕ್‌ಡೇ.ಇಂಟ್ಲ್ (WORKDAY.INTL) ಎಂಬ ಸೂತ್ರಕ್ಕೆ ಭಾನುವಾರವೊಂದೇ ವಾರದ ರಜೆ ಎಂದು ತಿಳಿಸಿ, ಹಬ್ಬದ ತಾರೀಖುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ತೋರಿಸಿದರೆ, ಇಂದಿನಿಂದ ಒಂಬತ್ತು ಕೆಲಸದ ದಿನಗಳಾದ ಮೇಲೆ ಯಾವ ತಾರೀಖು ಎಂಬುದನ್ನು ಸರಿಯಾಗಿ ಹೇಳುತ್ತದೆ. ಕಾಂಕ್ರೀಟಿನ ದಿನಗಳಿಗೆ ಸೂತ್ರವೇ ಬೇಡ. ಮೌಲ್ಡ್ ಹಾಕಿದ ತಾರೀಖಿಗೆ 14 ಕೂಡಿಸಿದರೆ ಆಯಿತು.

ತೊಂದರೆ ಶುರುವಾಗುವುದು ಒಂದು ಕೆಲಸಕ್ಕೆ ಹಿಂದೆ ಎರಡು ಮೂರು ಕೆಲಸಗಳು ಬಂದಾಗ. ಒಳಗಿನ ಪ್ಲಾಸ್ಟರಿಂಗ್ ಶುರುವಾಗಬೇಕಾದರೆ ತಾರಸಿಯ ಕೆಳಗಿನ ಕಂಬಗಳು ಹೋಗಿರಬೇಕು, ಗೋಡೆಯಲ್ಲಿ ಎಲೆಕ್ಟ್ರಿಷಿಯನ್ ಉದ್ದಕ್ಕೆ ಕೊರೆದು ಪೈಪ್ ಕೂರಿಸಿರಬೇಕು, ಕಿಟಕಿಯ ಚೌಕಟ್ಟು ಬಂದಿರಬೇಕು. ಇವುಗಳಲ್ಲಿ ಕೊನೆಗೆ ಮುಗಿಯುವುದು ಯಾವುದೋ ಅದರ ಮರುದಿನ ಎಂದು ಸೂತ್ರ ಬರೆಯಬಹುದು, ನಾನೂ ಬರೆದಿದ್ದೆ. ಆದರೆ ಒಂದು ಮನೆಗೆ ನೂರಿಪ್ಪತ್ತು ಸಾಲುಗಳಾದಾಗ, ನಡುವೆ ಒಂದು ಸಾಲು ಸೇರಿಸಿದರೂ ಯಾವ ಸೂತ್ರ ಎಲ್ಲಿಗೆ ಕೈ ಚಾಚಿದೆ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಯಾವ ಕೆಲಸ ತಡವಾದರೆ ಇಡೀ ಮನೆ ತಡವಾಗುತ್ತದೆ, ಯಾವುದಕ್ಕೆ ಎಷ್ಟು ದಿನದ ಸಡಿಲವಿದೆ ಎಂಬುದನ್ನು ಹಾಳೆ ತಾನಾಗಿ ಹೇಳುವುದಿಲ್ಲ.

ಟ್ರೆಲ್ಲೊ ಇದಕ್ಕೆ ತೀರ ಬೇರೆಯಾದ ಸಾಧನ. 2011ರಲ್ಲಿ ಫಾಗ್ ಕ್ರೀಕ್ ಸಾಫ್ಟ್‌ವೇರ್ ಹೊರತಂದ ಇದನ್ನು 2017ರಲ್ಲಿ ಅಟ್ಲಾಸಿಯನ್ 42.5 ಕೋಟಿ ಡಾಲರಿಗೆ ಕೊಂಡಿತು. ಒಂದು ಹಲಗೆ, ಅದರ ಮೇಲೆ ಉದ್ದುದ್ದ ಪಟ್ಟಿಗಳು, ಪಟ್ಟಿಯೊಳಗೆ ಚೀಟಿಗಳು. ಕೆಲಸ ಮುಂದುವರಿದಂತೆ ಚೀಟಿಯನ್ನು ಬೆರಳಿನಿಂದ ಎಳೆದು ಮುಂದಿನ ಪಟ್ಟಿಗೆ ಹಾಕುವುದು. ಟೊಯೊಟಾ ಕಾರ್ಖಾನೆಯಲ್ಲಿ ಹುಟ್ಟಿದ ಕಾನ್‌ಬಾನ್ ಪದ್ಧತಿಯ ಬಳಿಯ ಸಂಬಂಧಿ ಇದು. ಚೀಟಿಯೊಳಗೆ ಫೋಟೊ, ಮಾತುಕತೆ, ಗುರುತು ಹಾಕುವ ಪಟ್ಟಿ ಎಲ್ಲವನ್ನೂ ಇಡಬಹುದು. ಆ ಫ್ಯಾನಿನ ಸಂದೇಶ ಸೇರಬೇಕಾಗಿದ್ದದ್ದು ಇಂಥ ಜಾಗಕ್ಕೆ. ಈಗ ನಮ್ಮಲ್ಲಿ ‘ಮೌಲ್ಡ್ ಹಾಕುವ ಮುನ್ನ’ ಎಂಬ ಒಂದು ಮಾದರಿ ಚೀಟಿ ಇದೆ. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದೆಯೇ, ಪ್ರತಿ ಕೋಣೆಯ ಫ್ಯಾನ್ ಬಾಕ್ಸ್ ನಕ್ಷೆಯೊಂದಿಗೆ ತಾಳೆಯಾಗುತ್ತದೆಯೇ, ಪೈಪಿನ ತುದಿಗಳಿಗೆ ಕಾಂಕ್ರೀಟ್ ನುಗ್ಗದಂತೆ ಬಿರಡೆ ಹಾಕಿದೆಯೇ, ಬಚ್ಚಲುಮನೆಯ ತಗ್ಗಿಸಿದ (ಸಂಕನ್) ಭಾಗದ ಆಳ ಅಳೆದಾಗಿದೆಯೇ, ನೀರಿನ ಪೈಪು ಇಳಿಯುವಲ್ಲಿ ತೂತಿಗೆ ಸ್ಲೀವ್ ಬಿಟ್ಟಿದೆಯೇ, ವೈಬ್ರೇಟರಿಗೆ ಇನ್ನೊಂದು ನೀಡಲ್ ಇದೆಯೇ, ಮಳೆ ಬಂದರೆ ಹೊದಿಸಲು ಟಾರ್ಪಾಲ್ ಬಂದಿದೆಯೇ. ಮನೆಯ ಯಜಮಾನರು ಹೇಳಿದ ಬದಲಾವಣೆ ಯಾವುದೇ ದಾರಿಯಿಂದ ಬಂದರೂ ಅಂದೇ ಸಂಜೆ ಈ ಚೀಟಿಯೊಳಗೆ ಒಂದು ಸಾಲಾಗಿ ಸೇರುತ್ತದೆ. ಎಲ್ಲ ಸಾಲುಗಳಿಗೂ ಗುರುತು ಬೀಳದೆ ಮಿಕ್ಸರ್ ಶುರುವಾಗುವುದಿಲ್ಲ.

ಕೊನೆಯ ಹಂತದ ಸಣ್ಣಪುಟ್ಟ ಕೆಲಸಗಳಿಗೂ ಟ್ರೆಲ್ಲೊ ಬಹಳ ಚೆನ್ನಾಗಿ ಹೊಂದುತ್ತದೆ. ಬಾಗಿಲ ಚಿಲಕ ಬಿಗಿ, ಒಂದು ಟೈಲ್ ಟೊಳ್ಳು ಸದ್ದು, ಸ್ವಿಚ್ ಬೋರ್ಡಿನ ಸುತ್ತ ಬಣ್ಣ ಉಳಿದಿದೆ, ಇಂಥ ಅರವತ್ತು ಎಪ್ಪತ್ತು ಅಂಶಗಳನ್ನು ಫೋಟೊ ಸಮೇತ ಒಂದೊಂದು ಚೀಟಿ ಮಾಡಿದರೆ ಯಾರೂ ಯಾವುದನ್ನೂ ಮರೆಯುವುದಿಲ್ಲ. ಉಚಿತ ಯೋಜನೆಯಲ್ಲಿ 10 ಹಲಗೆಗಳು, 10 ಜನ, ಒಂದು ಕಡತಕ್ಕೆ 10 ಎಂಬಿ ಎಂಬ ಮಿತಿಗಳಿವೆ. ನಮ್ಮ ಗಾತ್ರಕ್ಕೆ ಇಷ್ಟು ಸಾಕು. ಆದರೆ ಚೀಟಿಗಳ ನಡುವಿನ ಕಾಯುವಿಕೆ ಇದಕ್ಕೆ ಅರ್ಥವಾಗುವುದಿಲ್ಲ. ಮೌಲ್ಡಿನ ದಿನವನ್ನು ಎರಡು ದಿನ ಮುಂದೆ ಹಾಕಿದರೆ ಪ್ಲಾಸ್ಟರಿಂಗಿನ ಚೀಟಿಯ ತಾರೀಖು ಇದ್ದಲ್ಲೇ ಇರುತ್ತದೆ. ಕಾಲರೇಖೆಯ ನೋಟ ಬೇಕೆಂದರೆ ಹಣ ಕೊಡಬೇಕು. ಹಾಗಾಗಿ ಇದನ್ನು ನೆನಪಿನ ಸಾಧನವಾಗಿ ನಾನು ಮನಸಾರೆ ಒಪ್ಪುತ್ತೇನೆ, ವೇಳಾಪಟ್ಟಿಯ ಸಾಧನವಾಗಿ ಅಲ್ಲ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿರುವ ಗ್ರಾಹಕರು ತಮ್ಮ ಕೆಲಸಗಳ ಜಾಡು ಹಿಡಿಯುವ ಜಿರಾ ತಂತ್ರಾಂಶವನ್ನು ಏಕೆ ಬಳಸಬಾರದು ಎಂದು ಆಗಾಗ ಕೇಳುತ್ತಾರೆ. ಅದೂ ಅಟ್ಲಾಸಿಯನ್‌ನದೇ, 2002ರಿಂದ ಇದೆ, ಹತ್ತು ಜನರವರೆಗೆ ಉಚಿತವೂ ಹೌದು. ತಂತ್ರಾಂಶ ಬರೆಯುವವರಿಗೆ ಅದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅಲ್ಲಿ ಸ್ಪ್ರಿಂಟ್ ಎಂಬ ಎರಡು ವಾರದ ಕಂತಿನಲ್ಲಿ ಮುಗಿಯದ ಕೆಲಸವನ್ನು ಮುಂದಿನ ಸ್ಪ್ರಿಂಟಿಗೆ ಒಯ್ಯಬಹುದು, ಕೆಲಸಗಳ ಕ್ರಮವನ್ನೂ ಅದಲುಬದಲು ಮಾಡಬಹುದು. ಮನೆಯಲ್ಲಿ ಹಾಗಲ್ಲ; ಬಾಗಿಲು-ಕಿಟಕಿಗಳ ಮೇಲಿನ ಅಡ್ಡ ತೊಲೆಯಾದ ಲಿಂಟಲ್ ಹಾಕದೆ ಅದರ ಮೇಲಿನ ಗೋಡೆ ಏಳುವುದಿಲ್ಲ. ನಮ್ಮ ಕ್ರಮವನ್ನು ನಾವು ಆರಿಸಿಕೊಂಡದ್ದಲ್ಲ, ಅದು ಕಟ್ಟಡದೊಳಗೇ ಇದೆ.

ಇಂಥ ಕಡ್ಡಾಯದ ಕ್ರಮವಿರುವ ಕೆಲಸಗಳಿಗೆಂದೇ ಹುಟ್ಟಿದ ಲೆಕ್ಕವೊಂದು ಹಿಂದಿನಿಂದ ಇದೆ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ, ರಾಸಾಯನಿಕ ಕಾರ್ಖಾನೆಗಳನ್ನು ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸಕ್ಕಾಗಿ ಕ್ರಿಟಿಕಲ್ ಪಾತ್ ಪದ್ಧತಿಯನ್ನು ರೂಪಿಸಿದರು. ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದವಾದದ್ದು ಯಾವುದು ಎಂದು ಹುಡುಕುವುದು ಅದರ ತಿರುಳು. ಆ ಸರಪಳಿಯ ಮೇಲಿನ ಯಾವ ಕೆಲಸ ಒಂದು ದಿನ ತಡವಾದರೂ ಇಡೀ ಯೋಜನೆ ಒಂದು ದಿನ ತಡವಾಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಈ ಲೆಕ್ಕವನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದ ತಂತ್ರಾಂಶಗಳಲ್ಲಿ ಒಂದು. ಅದರ ಮೊದಲ ಆವೃತ್ತಿ 1984ರಲ್ಲಿ ಡಾಸ್‌ನಲ್ಲಿ ಬಂದಿತ್ತು. ಕೆಲಸದ ಗುಣದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ. ಆದರೆ ಅದರ ಡೆಸ್ಕ್‌ಟಾಪ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಸಾಮಾನ್ಯ ಆಫೀಸ್ ಕಟ್ಟಿನಲ್ಲಿ ಬರುವುದಿಲ್ಲ, ಅದಕ್ಕೆ ಬೇರೆಯೇ ಪರವಾನಗಿ ಕೊಳ್ಳಬೇಕು. ವರ್ಷಕ್ಕೆ ನಾಲ್ಕು ಮನೆ ಕಟ್ಟುವ ನಮ್ಮಂಥವರಿಗೆ ಆ ಖರ್ಚನ್ನು ಸಮರ್ಥಿಸುವುದು ಕಷ್ಟ.

ಪ್ರಾಜೆಕ್ಟ್‌ಲಿಬ್ರೆ ನನಗೆ ಒದಗಿದ್ದು ಇಲ್ಲಿ. 2012ರಲ್ಲಿ ಹೊರಬಂದ ಈ ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಆವೃತ್ತಿ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಕಡತಗಳನ್ನೂ ತೆರೆಯುತ್ತದೆ. ಎಡಗಡೆ ಕೆಲಸಗಳ ಸಾಲು, ಬಲಗಡೆ ಪ್ರತಿ ಕೆಲಸದ ದಿನಗಳನ್ನು ಗೆರೆಯಾಗಿ ತೋರಿಸುವ ಗ್ಯಾಂಟ್ ಪಟ್ಟಿಯ ನೀಲಿ ಮತ್ತು ಕೆಂಪು ಅಡ್ಡಗೆರೆಗಳು. ಕೆಂಪಾದದ್ದು ತಡವಾದರೆ ಮನೆ ತಡ. ಪ್ರತಿ ಸಾಲಿನಲ್ಲೂ ಅದರ ಹಿಂದಿನ ಕೆಲಸದ ಸಂಖ್ಯೆ ಬರೆದರೆ ಬಾಣದ ಗುರುತು ತಾನಾಗಿ ಮೂಡುತ್ತದೆ. ಒಂದು ತಾರೀಖು ಬದಲಿಸಿದರೆ ಅದರ ಮೇಲೆ ನಿಂತ ಎಲ್ಲವೂ ಕಣ್ಣೆದುರಿಗೇ ಜರುಗುತ್ತವೆ.

ಈ ಬಗೆಯ ತಂತ್ರಾಂಶವನ್ನು ಮೊದಲ ಸಲ ಬಳಸುವವರು ತಪ್ಪದೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೌಲ್ಡ್ ಮುಗಿದು 14 ದಿನವಾದ ಮೇಲೆ ಕಂಬ ತೆಗೆಯುವುದು ಎಂದು ಹೇಳಲು, ಹಿಂದಿನ ಕೆಲಸದ ಸಂಖ್ಯೆಯ ಮುಂದೆ ಕೂಡಿಸುವ ಗುರುತು ಹಾಕಿ 14 ದಿನ ಎಂದು ಬರೆಯುತ್ತೇವೆ. ಅಲ್ಲಿ ದಿನಕ್ಕೆ ಇಂಗ್ಲಿಷಿನ ‘ಡಿ’ (d) ಎಂಬ ಅಕ್ಷರ ಬಳಸಿದರೆ ತಂತ್ರಾಂಶ ಅದನ್ನು ಕೆಲಸದ ದಿನವೆಂದು ತಿಳಿದು ರಜೆಗಳನ್ನೆಲ್ಲ ಬಿಟ್ಟು ಎಣಿಸುತ್ತದೆ. ಭಾನುವಾರ ಮಾತ್ರ ರಜೆ ಇದ್ದರೂ ಹದಿನಾಲ್ಕು ಕನಿಷ್ಠ ಹದಿನಾರಾಗುತ್ತದೆ. ಮೊದಲೇ ಕೊಟ್ಟಿರುವ ಕ್ಯಾಲೆಂಡರಿನಲ್ಲಿ ಶನಿವಾರವೂ ರಜೆ ಇರುವುದರಿಂದ, ಅದನ್ನು ಬದಲಿಸದಿದ್ದರೆ ಹದಿನೆಂಟೋ ಇಪ್ಪತ್ತೋ ಆಗುತ್ತದೆ. ‘ಇಡಿ’ (ed) ಎಂದು ಬರೆದರೆ ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ದಿನ. ಭಾನುವಾರವನ್ನೂ ಯುಗಾದಿಯನ್ನೂ ಸೇರಿಸಿಯೇ ಎಣಿಸುತ್ತದೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಎರಡು ತಾರಸಿಯ ಮನೆಯಲ್ಲಿ ನಾಲ್ಕು ದಿನ ಕಾಗದದ ಮೇಲೆ ಸುಮ್ಮನೆ ಕಳೆದುಹೋಗುತ್ತವೆ. ನಾನು ಮೊದಲು ಮಾಡುವ ಕೆಲಸವೆಂದರೆ ಕ್ಯಾಲೆಂಡರನ್ನು ತಿದ್ದುವುದು: ವಾರಕ್ಕೆ ಆರು ದಿನ, ಹಬ್ಬಗಳು, ತಂಡ ಊರಿಗೆ ಹೋಗುವ ವಾರ. ಅಮಾವಾಸ್ಯೆಯನ್ನು ಮಾತ್ರ ರಜೆಯೆಂದು ಹಾಕುವುದಿಲ್ಲ, ಏಕೆಂದರೆ ಅಂದು ಕಂಬಿ ಕಟ್ಟುವುದೂ ಇಟ್ಟಿಗೆ ಕೆಲಸವೂ ನಡೆಯುತ್ತವೆ. ಮೌಲ್ಡಿನ ತಾರೀಖು ಆ ದಿನಕ್ಕೆ ಬಿದ್ದರೆ ಕೈಯಿಂದ ಒಂದು ದಿನ ಸರಿಸುತ್ತೇನೆ.

ಇನ್ನೊಂದು ಗುಣವನ್ನು ಹೇಳಲೇಬೇಕು. ಗೃಹಪ್ರವೇಶದ ಮುಹೂರ್ತ ವೈಶಾಖದಲ್ಲಿ ನಿಗದಿಯಾಗಿದ್ದರೆ, ಯೋಜನೆಯನ್ನು ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವಂತೆಯೂ ಹೇಳಬಹುದು. ಹಾಗೆ ಹಾಕಿದಾಗ ಒಂದು ಮನೆಯಲ್ಲಿ ನಾನು ಊಹಿಸಿರದ ಸಂಗತಿ ಕಂಡಿತು. ಕೆಂಪು ಗೆರೆ ಹಾದುಹೋಗುತ್ತಿದ್ದದ್ದು ಎರಡನೆಯ ತಾರಸಿಯ ಮೂಲಕವಲ್ಲ, ಬಡಗಿಯ ಮನೆಯ ಮೂಲಕ. ಕಿಟಕಿ ಚೌಕಟ್ಟಿನ ಮರ ಕೊಂಡು, ಒಣಗಿಸಿ, ಕೊಯ್ಸಿ, ಜೋಡಿಸಿ ತರುವ ದಿನಗಳನ್ನು ಕೂಡಿಸಿದರೆ, ಮರದ ಆರ್ಡರನ್ನು ಪಾಯದ ಕೆಲಸ ನಡೆಯುತ್ತಿರುವಾಗಲೇ ಕೊಡಬೇಕಿತ್ತು. ಅದೇ ವಾರ ಕೊಟ್ಟೆವು. ಮತ್ತೊಂದು ಮನೆಯಲ್ಲಿ ನೆಲದ ಟೈಲ್ಸ್ ಆರಿಸುವುದು ಮುಂದೆ ಮುಂದೆ ಹೋಗುತ್ತಿತ್ತು. ಯಜಮಾನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಆ ಸಾಲಿನ ಎದುರಿಗೆ ಸಡಿಲ ಒಂಬತ್ತು ದಿನ ಎಂದು ಬರೆದಿದ್ದನ್ನು ತೋರಿಸಿದೆ. ಹತ್ತನೆಯ ದಿನ ಹಾಕಿ ನೋಡಿದಾಗ ಗೃಹಪ್ರವೇಶದ ತಾರೀಖು ಒಂದು ದಿನ ಜರುಗಿತು. ಆ ಭಾನುವಾರವೇ ಅವರೂ ಅವರ ಮನೆಯವರೂ ಅಂಗಡಿಗೆ ಹೋಗಿ ಬಂದರು. ಅದಕ್ಕೂ ಮೊದಲು ನಾನು ಬಾಯಲ್ಲಿ ಮೂರು ಸಲ ಹೇಳಿದ್ದೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಈ ಉಚಿತ ಆವೃತ್ತಿ ಒಂದು ಕಂಪ್ಯೂಟರಿನಲ್ಲಿ ಒಬ್ಬರು ಕೂತು ಬಳಸುವಂಥದ್ದು; ಹಲವರು ಏಕಕಾಲಕ್ಕೆ ತಿದ್ದಲು ಬರುವುದಿಲ್ಲ, ಫೋನಿನಲ್ಲಿ ತೆರೆಯುವುದಿಲ್ಲ. ಫೋಟೊ ಇಟ್ಟು ಮಾತುಕತೆ ನಡೆಸುವ ಜಾಗವೂ ಅಲ್ಲ. ಇವೆಲ್ಲವೂ ಬೇಕು, ವೇಳಾಪಟ್ಟಿಯ ಸರಪಳಿಯೂ ಬೇಕು ಎನ್ನುವ ಹತ್ತಿಪ್ಪತ್ತು ಜನರ ಕಚೇರಿಗಳು ಚೆನ್ನೈನ ಜೋಹೊ ಕಂಪನಿಯ ಜೋಹೊ ಪ್ರಾಜೆಕ್ಟ್ಸ್ ಅನ್ನು ನೋಡಬಹುದು. ಅದರಲ್ಲಿ ಗ್ಯಾಂಟ್ ಪಟ್ಟಿ, ಕೆಲಸಗಳ ಅವಲಂಬನೆ, ಫೋನಿನ ಆ್ಯಪ್ ಮೂರೂ ಇವೆ. ನಾನು ಅದನ್ನು ಒಂದು ಪೂರ್ತಿ ಮನೆಗೆ ಬಳಸಿಲ್ಲವಾದ್ದರಿಂದ ಹೆಚ್ಚು ಹೇಳುವುದಿಲ್ಲ. ಒರಾಕಲ್‌ನ ಪ್ರೈಮವೆರಾ ದೊಡ್ಡ ಮೂಲಸೌಕರ್ಯ ಕೆಲಸಗಳಿಗೆ ಸೇರಿದ್ದು, ನಮ್ಮ ಗಾತ್ರಕ್ಕಲ್ಲ.

ಇಷ್ಟೆಲ್ಲ ಆದ ಮೇಲೂ ಮೇಸ್ತ್ರಿಯ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಪರದೆಯಲ್ಲಲ್ಲ, ಕಾಗದದಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಸುಮಾರು ನಲವತ್ತು ನಿಮಿಷ ಕೂತು ಪ್ರಾಜೆಕ್ಟ್‌ಲಿಬ್ರೆಯಲ್ಲಿ ನಾಲ್ಕೂ ಮನೆಗಳ ಆ ವಾರದ ಪ್ರಗತಿಯನ್ನು ತುಂಬುತ್ತೇನೆ. ಮುಂದಿನ ಮೂರು ವಾರದ ಭಾಗವನ್ನು ಮಾತ್ರ ತೆಗೆದುಕೊಂಡು, ಕೆಲಸದವರು ಬಳಸುವ ಮಾತಿನಲ್ಲೇ ಕನ್ನಡದಲ್ಲಿ ಬರೆದು, ಎ3 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ ಸಿಮೆಂಟ್ ಇಡುವ ಶೆಡ್ಡಿನ ಬಾಗಿಲ ಒಳಮೈಗೆ ಅಂಟಿಸುತ್ತೇವೆ. ಮೇಸ್ತ್ರಿ ಕಿವಿಯ ಹಿಂದಿನ ಬಡಗಿ ಪೆನ್ಸಿಲ್ ತೆಗೆದು ಆದ ಕೆಲಸಕ್ಕೆ ಗೆರೆ ಎಳೆಯುತ್ತಾರೆ. ಸಂಜೆ ಆ ಹಾಳೆಯ ಒಂದು ಫೋಟೊ, ಮನೆಯ ಎರಡು ಫೋಟೊ ಮತ್ತು ಹೇಳಬೇಕಾದ್ದಿದ್ದರೆ ಒಂದು ಧ್ವನಿ ಸಂದೇಶವನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಅದನ್ನು ಶೀಟ್ಸಿಗೂ ಟ್ರೆಲ್ಲೊಗೂ ಏರಿಸುವುದು ಕಚೇರಿಯವರ ಕೆಲಸ, ಮೇಸ್ತ್ರಿಯದಲ್ಲ.

ಹಾಳೆ ಅಂಟಿಸಿದ ಎರಡನೆಯ ತಿಂಗಳಲ್ಲಿ ನಮ್ಮ ಹಿರಿಯ ಮೇಸ್ತ್ರಿ ನನ್ನನ್ನು ಶೆಡ್ಡಿಗೆ ಕರೆದು, ಬೆರಳಿಟ್ಟು ತೋರಿಸಿದರು: “ಸಾರ್, ಹನ್ನೆರಡನೇ ತಾರೀಕು ಪೈಪಿನೋರು ಬರ್ಲಿಲ್ಲ ಅಂದ್ರೆ ಹದಿನಾಲ್ಕಕ್ಕೆ ಮೌಲ್ಡ್ ಆಗಲ್ಲ ಅಂತ ಇಲ್ಲೇ ಕಾಣ್ತೈತಲ್ಲ. ಅವ್ರಿಗೆ ಇವತ್ತೇ ಒಂದು ಫೋನ್ ಮಾಡ್ಬಿಡಿ.” ಪೈಪಿನೋರು ಎಂದರೆ ತಾರಸಿಯಲ್ಲಿ ವೈರಿನ ಪೈಪು ಹಾಕುವ ಎಲೆಕ್ಟ್ರಿಷಿಯನ್. ಫೋನ್ ಮಾಡಿದಾಗ ಅವರು ಬೇರೆ ಊರಿನ ಕೆಲಸ ಒಪ್ಪಿಕೊಂಡಿರುವುದು ತಿಳಿಯಿತು, ಅವರು ತಮ್ಮ ತಮ್ಮನನ್ನು ಹನ್ನೊಂದಕ್ಕೇ ಕಳುಹಿಸಿಕೊಟ್ಟರು. ಚಂದಾ ಆ್ಯಪಿನ ಪರದೆಯನ್ನು ಮೂರು ವಾರಕ್ಕೇ ಬಿಟ್ಟವರೂ ಇದೇ ಮೇಸ್ತ್ರಿಗಳೇ.

ಹಾಗಾಗಿ ಕೇಳುವವರಿಗೆ ನಾನು ಹೇಳುವುದು ಹೀಗೆ. ಒಂದೇ ಮನೆಯಾದರೆ ಗೂಗಲ್ ಶೀಟ್ಸಿನಲ್ಲಿ ಮೂವತ್ತು ನಲವತ್ತು ಸಾಲಿನ ಪಟ್ಟಿ ಮತ್ತು ಮೌಲ್ಡಿನ ಮುಂಚಿನ ತಪಾಸಣೆಯ ಪಟ್ಟಿ ಸಾಕು. ಮೂರು ನಾಲ್ಕು ಮನೆಗಳಾದರೆ ಎಂಜಿನಿಯರ್ ತನ್ನ ಲೆಕ್ಕಕ್ಕೆ ಪ್ರಾಜೆಕ್ಟ್‌ಲಿಬ್ರೆ ಕಲಿಯಲಿ, ಅದಕ್ಕೆ ನಾಲ್ಕೈದು ಸಂಜೆಗಳನ್ನು ಕೊಡಲಿ, ಆದರೆ ಅದನ್ನು ಕೆಲಸದ ಜಾಗದವರ ಮೇಲೆ ಹೇರದಿರಲಿ. ಯಾವುದಕ್ಕಾದರೂ ಹಣ ಕಟ್ಟುವ ಮುನ್ನ, ಪ್ರಯೋಗದ ಅವಧಿಯಲ್ಲಿ ನಿಮ್ಮದೇ ಒಂದು ತಾರಸಿಯ ಹದಿನೈದು ಸಾಲುಗಳನ್ನು, ಸೆಂಟ್ರಿಂಗ್ ಶುರುವಾದಲ್ಲಿಂದ ಕಂಬ ತೆಗೆಯುವವರೆಗೆ, ಅದರಲ್ಲಿ ಹಾಕಿ. ಮೌಲ್ಡಿನ ತಾರೀಖನ್ನು ಎರಡು ದಿನ ಮುಂದಕ್ಕೆ ಸರಿಸಿ. ಉಳಿದವು ಸರಿಯಾಗಿ ಜರುಗಿದವೇ, ಭಾನುವಾರಗಳನ್ನು ಎಲ್ಲಿ ಎಣಿಸಿತು, ಎಲ್ಲಿ ಬಿಟ್ಟಿತು ಎಂದು ನೋಡಿ. ಆಮೇಲೆ ಎಲ್ಲವನ್ನೂ ಸಿಎಸ್‌ವಿಯಾಗಿ ಹೊರಗೆ ತೆಗೆದು ನೋಡಿ. ಅರ್ಧ ಗಂಟೆಯ ಕೆಲಸ.

ಸಾಮಗ್ರಿಯ ಲೆಕ್ಕಕ್ಕೆ ಮಾತ್ರ ಇವುಗಳಲ್ಲಿ ಯಾವುದೂ ನನಗೆ ಒಗ್ಗಲಿಲ್ಲ. ಸಿಮೆಂಟ್ ಚೀಲ ಎಷ್ಟು ಬಂತು, ಎಷ್ಟು ಹೋಯಿತು, ಎಂ-ಸ್ಯಾಂಡ್ ಎಷ್ಟು ಲೋಡ್ ಇಳಿಯಿತು ಎಂಬುದನ್ನು ಈಗಲೂ ಶೆಡ್ಡಿನ ಕಾವಲುಗಾರರ ಉದ್ದನೆಯ ಪುಸ್ತಕದಲ್ಲೇ ಬರೆಸುತ್ತೇವೆ. ಲಾರಿಯವನ ಸಹಿ ಅದರಲ್ಲಿ ಬೀಳುತ್ತದೆ, ಬಟವಾಡೆಯ ಸಂಜೆ ನಾನು ಪುಟ ತಿರುವಿ ನೋಡಿ ಕೆಳಗೆ ಸಹಿ ಹಾಕುತ್ತೇನೆ.